ಮುಂಜಾನೆಯ ಮೊದಲ ನೀರು

ನನಗೆ ಬಂದ ಕಾಯಿಲೆಯ ಹೆಸರು ಹೇಳಿದರೆ ಜನ ಮೊದಲು ನನ್ನ ಗಂಡನ ಕಡೆ ನೋಡುತ್ತಾರೆ. "ನಿಮ್ಮ ಮನಿಯವರು ಬ್ಯಾಟರಿ ಕೆಲಸ ಮಾಡ್ತಾರೇನ್ರಿ?" ಎಂದು ಕೇಳುತ್ತಾರೆ. ಇಲ್ಲ, ಅವರು ಗೋವೆಯ ವಾಸ್ಕೋ ಮಾರ್ಕೆಟ್ಟಿನಲ್ಲಿ ಜೋಳ, ಬೆಲ್ಲ, ಬ್ಯಾಡಗಿ ಮೆಣಸಿನಕಾಯಿ ಮಾರುತ್ತಾರೆ. ನಾನು ಸಡಾ ಗುಡ್ಡದ ಮೇಲಿನ ಒಂದು ಕನ್ನಡ ಶಾಲೆಯಲ್ಲಿ ಮೂರನೇ ತರಗತಿಗೆ ಪಾಠ ಹೇಳುತ್ತೇನೆ. ಸೀಸ ಎಂಬ ಲೋಹವನ್ನು ನಾವಿಬ್ಬರೂ ಕೈಯಿಂದ ಮುಟ್ಟಿದ ನೆನಪಿಲ್ಲ. ಆದರೂ ಅದು ನನ್ನ ರಕ್ತದಲ್ಲಿತ್ತು, ಎಲುಬಿನಲ್ಲಿತ್ತು. ಎಲುಬಿನಲ್ಲಿ ಸ್ವಲ್ಪ ಈಗಲೂ ಇದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಳೆದ ದಿನಗಳಲ್ಲಿ ನನ್ನಂಥವಳು ಇನ್ನೊಬ್ಬಳು ಇರಬಹುದೇ ಎಂದು ಸುತ್ತ ಹುಡುಕುತ್ತಿದ್ದೆ. ಸಕ್ಕರೆ ಕಾಯಿಲೆಯವರಿಗೆ ಜೊತೆ ಸಿಗುತ್ತಿತ್ತು, ಮಂಡಿನೋವಿನವರಿಗೆ ಜೊತೆ ಸಿಗುತ್ತಿತ್ತು. ನನಗೆ ಯಾರೂ ಸಿಗಲಿಲ್ಲ. ಎಲ್ಲಾದರೂ ಒಬ್ಬಳು ಹಾಗೆ ಹುಡುಕುತ್ತಿದ್ದರೆ ಅವಳಿಗಾಗಿ ಇದನ್ನು ಬರೆದಿದ್ದೇನೆ.

ನನ್ನ ತವರು ಧಾರವಾಡ, ಗಂಡನ ಮನೆ ಬೈಲಹೊಂಗಲ. ಗಂಡನ ಹೆಸರು ಈರಣ್ಣ. ಮದುವೆಯಾದ ಮೇಲೆ ವಾಸ್ಕೋದಲ್ಲಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಬಹಳ ವರ್ಷ ಇದ್ದೆವು. ಮಕ್ಕಳಾಗಿರಲಿಲ್ಲ. ಒಂದು ದಿನ ಅವರು, "ಗಾಳಿ ಬೆಳಕು ಇರೋ ಮನಿಗೆ ಹೋಗೂಣು ಸುಮಾ. ಮನಿ ಬದಲಾದ್ರ ನಸೀಬನೂ ಬದಲಾದೀತು" ಎಂದರು. ಹಾಗೆ ಊರಾಚೆ ಚಿಖಲಿಯಲ್ಲಿ ಫಿಲೊಮೆನಾ ಆಂಟಿಯ ಹಳೆಯ ಮನೆಯ ಅರ್ಧಭಾಗವನ್ನು ಬಾಡಿಗೆಗೆ ಹಿಡಿದೆವು.

ಆಂಟಿಗೆ ಆಗ ಎಪ್ಪತ್ತು ದಾಟಿತ್ತು. ಗಂಡ ತೀರಿಹೋಗಿದ್ದ. ಮಕ್ಕಳಿಲ್ಲ. ಆದರೆ ಅವರ ಪಡಸಾಲೆ ಎಂದೂ ಖಾಲಿ ಇರುತ್ತಿರಲಿಲ್ಲ. ಮದುವೆಯ ಗೌನು, ಕೂಸುಗಳಿಗೆ ಇಗರ್ಜಿಯಲ್ಲಿ, ಎಂದರೆ ಚರ್ಚಿನಲ್ಲಿ, ಹೆಸರಿಡುವ ದಿನ ತೊಡಿಸುವ ಬಿಳಿಯ ಉದ್ದಂಗಿ, ಇವನ್ನು ಹೊಲಿಯುವುದರಲ್ಲಿ ಆ ಸುತ್ತಿನಲ್ಲೆಲ್ಲ ಅವರದೇ ಹೆಸರು. ಹೊಲಿಗೆ ಯಂತ್ರದ ಸದ್ದು ನಡುಗೋಡೆ ದಾಟಿ ನಮ್ಮ ಕಡೆಗೂ ಬರುತ್ತಿತ್ತು. ಅವರು ಮಾತಾಡುವುದು ಕೊಂಕಣಿ. ನನಗೆ ತಿಳಿದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನನ್ನು 'ಬಾಯ್' ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಹೆಣ್ಣುಮಗಳನ್ನು ಅಕ್ಕರೆಯಿಂದ ಕರೆಯುವ ಮಾತು ಅದು.

ಆ ಮನೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೀರು. ಸರಕಾರದ ನಳ ಅಂಗಳದಲ್ಲಿತ್ತು, ಬಂದರೆ ಬಂತು. ಕುಡಿಯುವುದಕ್ಕೆ ಹಿತ್ತಿಲ ಬಾವಿಯ ನೀರು. ಕೆಂಪು ಜಂಬಿಟ್ಟಿಗೆ ಕಲ್ಲಿನ ಬಾವಿ. ಪಂಪು ಹಾಕಿದರೆ ನೀರು ಹಿಂದಿನ ಗೋಡೆಯ ಮೇಲಿದ್ದ ಸಿಮೆಂಟು ತೊಟ್ಟಿಗೆ ಏರಿ, ಅಲ್ಲಿಂದ ಎರಡೂ ಅಡುಗೆಮನೆಗಳ ನಳಗಳಿಗೆ ಇಳಿಯುತ್ತಿತ್ತು. ಮೆತ್ತಗಿನ ನೀರು. ಬೇಳೆ ಬೇಗ ಬೇಯುತ್ತಿತ್ತು, ಕೂದಲು ನುಣುಪಾಗುತ್ತಿತ್ತು. ಧಾರವಾಡದಿಂದ ಬಂದಾಗ ಅವ್ವ ಒಂದು ಲೋಟ ಕುಡಿದು, "ಎಂಥಾ ಚಲೋ ನೀರ ಐತವ್ವ, ಪುಣ್ಯಾ ಮಾಡಿದ್ದಿ" ಎಂದಿದ್ದಳು. ಮುಂಜಾನೆ ಬರಿಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ನೀರು ಕುಡಿದರೆ ಒಡಲು ತಂಪಾಗಿ ಗರ್ಭ ನಿಲ್ಲುತ್ತದೆ ಎಂದು ಕಲಿಸಿದವಳೂ ಅವಳೇ. ನಾನು ಎದ್ದ ತಕ್ಷಣ ನಳ ತಿರುಗಿಸಿ, ಬಂದ ಮೊದಲ ನೀರನ್ನು ಹಿಡಿದು ನಿಂತಲ್ಲೇ ಕುಡಿಯುತ್ತಿದ್ದೆ. ಒಂದು ಲೋಟ ಸಾಲದೆಂದು ಎರಡು.

ಗರ್ಭ ನಿಂತಿತು. ಅತ್ತೆ ಬೈಲಹೊಂಗಲದಿಂದ ಯಾರೋ ವೈದ್ಯರ ಬೂದಿಬಣ್ಣದ ಭಸ್ಮವನ್ನು ಕಳಿಸುತ್ತಿದ್ದರು. ಜೇನಿನಲ್ಲಿ ಕಲಸಿ ಅದನ್ನೂ ನೆಕ್ಕುತ್ತಿದ್ದೆ. ಸುದ್ದಿ ತಿಳಿದಾಗ ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರಂತೆ. ಐದನೇ ತಿಂಗಳಲ್ಲಿ, ಶಾಲೆಯಲ್ಲಿ ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದಾಗ, ಸೊಂಟದಲ್ಲಿ ಏನೋ ಕಳಚಿದಂತಾಯಿತು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ನನಗೆ ತೋರಿಸಲಿಲ್ಲ. ಹೆಣ್ಣೋ ಗಂಡೋ ಎಂದು ನಾನು ಕೇಳಲಿಲ್ಲ, ಎಲ್ಲಿಗೆ ಒಯ್ದರು ಎಂದೂ ಕೇಳಲಿಲ್ಲ. ಕೇಳಬೇಕು ಎನ್ನಿಸುವಷ್ಟರಲ್ಲಿ ಕೇಳುವ ಹೊತ್ತು ದಾಟಿಹೋಗಿತ್ತು.

ಆಮೇಲೆ ಹೊಟ್ಟೆನೋವು ಶುರುವಾಯಿತು. ಹೊಕ್ಕುಳ ಸುತ್ತ ಹಗ್ಗ ಹಾಕಿ ಹೊಸೆದಂತೆ ಬರುತ್ತಿತ್ತು, ತಾನಾಗಿಯೇ ಬಿಡುತ್ತಿತ್ತು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಮೆಟ್ಟಿಲು ಹತ್ತಿದರೆ ಏದುಸಿರು. ಒಬ್ಬ ಡಾಕ್ಟರು ಗ್ಯಾಸ್ ಎಂದರು. ಇನ್ನೊಬ್ಬರು ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಗುಳಿಗೆ ಬರೆದರು. ಮೂರನೆಯವರು ನನ್ನ ಮುಖ ನೋಡಿ, ಈರಣ್ಣನ ಕಡೆ ತಿರುಗಿ, "ಮಗು ಹೋದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಎಲ್ಲಾದರೂ ತಿರುಗಾಡಿಸಿಕೊಂಡು ಬನ್ನಿ" ಎಂದರು. ಅದು ಸುಳ್ಳೇನೂ ಆಗಿರಲಿಲ್ಲ. ಮನಸ್ಸಿಗೆ ಹಚ್ಚಿಕೊಂಡಿದ್ದೆ. ಹಾಗಾಗಿ ನಾನೂ ನಂಬಿದೆ. ದುಃಖ ಹೊಟ್ಟೆಯಲ್ಲೇ ಮನೆ ಮಾಡಿಕೊಂಡರೆ ಹೀಗೆ ನೋಯುತ್ತದೆ ಎಂದುಕೊಂಡೆ.

ನಂಬಿಕೆ ಕೆಡಿಸಿದ್ದು ಬಲಗೈ. ಒಂದು ದಿನ ಹಲಗೆಯ ಮೇಲೆ ಕಾಗುಣಿತ ಬರೆಯುತ್ತಿದ್ದಾಗ ಸೀಮೆಸುಣ್ಣ ಬಿತ್ತು. ಎತ್ತಿಕೊಂಡು ಬರೆದೆ, ಮತ್ತೆ ಬಿತ್ತು. ಮಣಿಕಟ್ಟನ್ನು ಮೇಲಕ್ಕೆ ಎತ್ತಿ ಹಿಡಿಯುವುದೇ ಆಗುತ್ತಿರಲಿಲ್ಲ. ಮಕ್ಕಳು ಮೊದಲು ನಕ್ಕರು. ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಟೀಚರ್, ನೀವು ಹೇಳ್ರಿ, ನಾ ಬರೀತೇನಿ" ಎಂದು ಎದ್ದು ಬಂದಳು. ಅವಳು ಬರೆದಳು. ನಾನು ಕುರ್ಚಿಯ ಬೆನ್ನು ಹಿಡಿದು ನಿಂತೆ. ದುಃಖ ಕೈಗೆ ಇಳಿಯುವುದಿಲ್ಲ ಎಂದು ಅವತ್ತು ಅನ್ನಿಸಿತು.

ಪಣಜಿಯ ಕಡೆಯ ದೊಡ್ಡ ಆಸ್ಪತ್ರೆಗೆ ಹೋದೆವು. ಚೀಟಿ ಮಾಡಿಸಲು ಒಂದು ಸಾಲು, ರಕ್ತ ಕೊಡಲು ಒಂದು ಸಾಲು, ಡಾಕ್ಟರನ್ನು ಕಾಣಲು ಇನ್ನೊಂದು. ಹೆಂಗಸರ ವಿಭಾಗದ ಎದುರೇ ನಮ್ಮ ಬೆಂಚು. ಆರು, ಏಳು, ಎಂಟು ತಿಂಗಳ ಹೊಟ್ಟೆಗಳು ಒಂದರ ಹಿಂದೆ ಒಂದು ಕಣ್ಣೆದುರೇ ಹಾದುಹೋಗುತ್ತಿದ್ದವು. ಈರಣ್ಣ ಎದ್ದು ನನ್ನ ಎದುರಿಗೆ ಬಂದು ನಿಂತುಬಿಟ್ಟರು. "ಕೂತು ಕೂತು ಕಾಲು ಜೋಮು ಹಿಡದಾವ" ಎಂದರು. ಮಧ್ಯಾಹ್ನದವರೆಗೂ ಹಾಗೇ ನಿಂತಿದ್ದರು, ನನಗೆ ಆ ಬಾಗಿಲು ಕಾಣದಂತೆ.

ನನ್ನನ್ನು ನೋಡಿದ ಡಾಕ್ಟರು ಗೋವೆಯ ಹೆಣ್ಣುಮಗಳು, ಚಿಕ್ಕ ವಯಸ್ಸು. ಹುಬ್ಬಳ್ಳಿಯಲ್ಲಿ ಓದಿದ್ದರಂತೆ. ನಮ್ಮ ಮಾತು ಕೇಳಿ ಕನ್ನಡಕ್ಕೆ ಹೊರಳಿದರು. "ಹೊಟ್ಟಿ ನೋವು ಯಾವಾಗಿಂದ ಅದ ಅಕ್ಕಾ?" ಆ ಅಕ್ಕಾ ಎಂಬ ಮಾತಿಗೇ ನನ್ನ ಕಣ್ಣು ತುಂಬಿತು. ಅಷ್ಟು ತಿಂಗಳಲ್ಲಿ ಎಲ್ಲ ಡಾಕ್ಟರಿಗೂ ಹೊಟ್ಟೆನೋವನ್ನು ಬೇರೆಯವರ ಭಾಷೆಯಲ್ಲೇ ಹೇಳಿದ್ದೆ. ಹಗ್ಗ ಹೊಸೆದಂತೆ ಎಂಬ ಮಾತು ಆ ಭಾಷೆಗಳಲ್ಲಿ ನನಗೆ ಬರುತ್ತಿರಲಿಲ್ಲ.

ಮುಂದಿನ ಸಲ ಹೋದಾಗ ಅವರು ಬಾಗಿಲು ಮುಂದಕ್ಕೆಳೆದು ಕೂತರು. ರಕ್ತದ ಕಣಗಳ ಮೇಲೆ ಇರಬಾರದ ನೀಲಿ ಚುಕ್ಕೆಗಳು ಕಂಡಿದ್ದವಂತೆ. ಅದಕ್ಕೇ ಇನ್ನೊಂದು ಪರೀಕ್ಷೆಗೆ ಮುಂಬಯಿಗೆ ಕಳಿಸಿದ್ದರಂತೆ. "ನಿಮ್ಮ ರಕ್ತದಾಗ ಸೀಸ ಅದ, ಭಾಳ ಅದ" ಎಂದರು.

ಈರಣ್ಣ, "ಸೀಸಾ ಅಂದ್ರ, ಬಾಟ್ಲಿ ಸೀಸಾನ್ರಿ?" ಎಂದರು. ಡಾಕ್ಟರು ನಗಲಿಲ್ಲ. ಬಣ್ಣ, ಬ್ಯಾಟರಿ, ಕುಂಕುಮ, ಕಾಡಿಗೆ, ಮಣ್ಣಿನ ಪಾತ್ರೆ, ಒಂದೊಂದಾಗಿ ಕೇಳುತ್ತ ಬಂದರು. ನಾಟಿ ಔಷಧ ಏನಾದರೂ? ಎಂದಾಗ ಅತ್ತೆ ಈಗಲೂ ಕಳಿಸುತ್ತಿದ್ದ ಭಸ್ಮದ ಮಾತು ಹೇಳಿದೆ.

ಅತ್ತೆಯ ಭಸ್ಮ ಪರೀಕ್ಷೆಗೆ ಹೋಯಿತು. ವರದಿ ಬರಲು ಬಹಳ ಸಮಯ ಬೇಕು ಎಂದರು. ಆದರೆ ಮನೆಯಲ್ಲಿ ಯಾರೂ ವರದಿಗೆ ಕಾಯಲಿಲ್ಲ. ಈರಣ್ಣ ಫೋನಿನಲ್ಲಿ ಅವರ ತಾಯಿಗೆ ಹೇಳಿದರು. ಆ ಕಡೆಯಿಂದ ಅತ್ತೆಯ ದನಿ ನನಗೂ ಕೇಳುತ್ತಿತ್ತು.

"ನಾ ವಿಷಾ ಕೊಟ್ನೇನಪಾ ಆಕೀಗೆ? ಮೊಮ್ಮಗನ್ನ ಆಡಸಬೇಕಂತ ಕಳಿಸಿದ್ದೋ, ಕೊಲ್ಲಬೇಕಂತ ಕಳಿಸಿದ್ದೋ?"

"ಹಂಗಂದಿಲ್ಲವ್ವ ನಾ. ಸದ್ಯಕ್ಕ ಬ್ಯಾಡ ಅಂದೇನಿ ಅಷ್ಟ."

"ಅಂದಾಂಗ ಆತಲ್ಲೋ." ಫೋನು ಇಟ್ಟರು. ಆಮೇಲೆ ಬಹಳ ದಿನ ಅವರಾಗಿ ಫೋನು ಮಾಡಲಿಲ್ಲ. ನಾವು ಮಾಡಿದರೆ ನಾದಿನಿ ಎತ್ತಿ, ಅವ್ವ ಮಲಗ್ಯಾಳ ಎನ್ನುತ್ತಿದ್ದಳು.

ಭಸ್ಮ ಬಿಟ್ಟೆ. ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದೆ. ಅವ್ವನ ಮನೆಯಲ್ಲಿ ದಿನ ಕಳೆದಂತೆ ಹೊಟ್ಟೆ ಸಡಿಲವಾಯಿತು, ಬಾಯಿ ರುಚಿ ಮರಳಿತು. ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ಮೂರನೆಯದಕ್ಕೂ ಕೈಚಾಚಿದಾಗ ಅವ್ವ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಸ್ಮವೇ ಕಾರಣ ಎಂದು ಎಲ್ಲರೂ ಖಾತ್ರಿ ಮಾಡಿಕೊಂಡೆವು. ಮಳೆಗಾಲದ ಜೊತೆಗೇ ಚಿಖಲಿಗೆ ಮರಳಿದೆ. ಹಳೆಯ ಅಭ್ಯಾಸದಂತೆ ಎದ್ದ ತಕ್ಷಣ ನಳದ ನೀರು. ಚೌತಿಯ ಹೊತ್ತಿಗೆ ಹೊಟ್ಟೆಯಲ್ಲಿ ಮತ್ತೆ ಅದೇ ಹಗ್ಗ. ರಕ್ತ ನೋಡಿದರೆ ಸೀಸ ಮೊದಲಿನಷ್ಟೇ ಏರಿತ್ತು. ಅದೇ ವಾರ ಭಸ್ಮದ ವರದಿಯೂ ಬಂತು. ಅದರಲ್ಲಿ ಏನೂ ಇರಲಿಲ್ಲ.

ಡಾಕ್ಟರು ಕನ್ನಡಕ ತೆಗೆದಿಟ್ಟು ಕೇಳಿದರು. "ಅಕ್ಕಾ, ಧಾರವಾಡದ ಮನ್ಯಾಗ ಇಲ್ಲದ್ದು ಇಲ್ಲಿ ಮನ್ಯಾಗ ಏನದ?"

ನಾನು ಯೋಚಿಸಿದೆ. ಪಾತ್ರೆ ಅಂಥವೇ, ಜೋಳ ಬೆಲ್ಲ ಎರಡೂ ಕಡೆ ನಮ್ಮ ಅಂಗಡಿಯದೇ. "ಏನೂ ಇಲ್ರಿ. ನೀರೊಂದು ಬ್ಯಾರೆ. ಬಾವಿ ನೀರು, ಭಾಳ ಚಲೋ ನೀರು."

"ಬಾವಿಗೆ ಹೋಗಿ ಸೇದಿ ಕುಡೀತೀರೇನು?"

"ಇಲ್ರಿ, ನಳಾ ಅದ."

ಅವರು ಮೂರು ಬಾಟಲಿ ನೀರು ತರಲು ಹೇಳಿದರು. ಬಾವಿಯಿಂದ ಕೊಡದಲ್ಲಿ ಸೇದಿದ್ದು ಒಂದು, ಬೆಳಿಗ್ಗೆ ನಳದಿಂದ ಬರುವ ಮೊದಲ ನೀರು ಒಂದು, ನಳವನ್ನು ಬಹಳ ಹೊತ್ತು ಬಿಟ್ಟಮೇಲೆ ಹಿಡಿದದ್ದು ಒಂದು. ಆ ಬೆಳಿಗ್ಗೆ ಮೊದಲ ನೀರನ್ನು ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡಿದೆ. ಕಣ್ಣೀರಿನಷ್ಟು ತಿಳಿ.

ಬಾವಿಯ ನೀರು ಶುದ್ಧವಾಗಿತ್ತು. ಬಿಟ್ಟು ಹಿಡಿದ ನೀರಿನಲ್ಲಿ ಸ್ವಲ್ಪ ಸೀಸವಿತ್ತು. ರಾತ್ರಿಯಿಡೀ ಪೈಪಿನಲ್ಲಿ ನಿಂತ ಮೊದಲ ನೀರಿನಲ್ಲಿ ತುಂಬ. ಮೆತ್ತಗಿನ ನೀರು ಲೋಹವನ್ನು ನೆಕ್ಕುತ್ತದಂತೆ. ಈರಣ್ಣ ಬೆಳಗಾಗುವ ಮೊದಲೇ ಅಂಗಡಿಗೆ ಹೊರಡುವವರು, ನೀರು ಚಹಾ ಎಲ್ಲ ಅಲ್ಲಿಯೇ. ಅವರ ರಕ್ತದಲ್ಲಿ ಇದ್ದೂ ಇಲ್ಲದಷ್ಟು. ಆ ಮನೆಯ ಮೊದಲ ನೀರನ್ನು ಮಗುವಿಗಾಗಿ ನಿಯಮದಂತೆ ಕುಡಿದವಳು ನಾನೊಬ್ಬಳೇ.

ಮನೆಗೆ ಬಂದು ಈರಣ್ಣ ಆಂಟಿಯನ್ನು ಕರೆದರು. ಪೈಪು ಗೋಡೆಯಗುಂಟ ಹಸಿರು ಬಣ್ಣದ ಮರದ ಪಟ್ಟಿಯ ಹಿಂದೆ ಅಡಗಿತ್ತು. ಸ್ಕ್ರೂ ಬಿಚ್ಚಿ ಪಟ್ಟಿ ತೆಗೆದರು. ಬೂದಿಬಣ್ಣದ ದಪ್ಪ ಕೊಳವೆ, ಮೂಲೆಗಳಲ್ಲಿ ಹಗ್ಗದಂತೆ ಬಾಗಿತ್ತು. ಚಾಕುವಿನ ತುದಿಯಿಂದ ಕೆರೆದರೆ ಬೆಳ್ಳಿಯಂತೆ ಹೊಳೆಯಿತು. "ಮೆತ್ತಗೈತಿ ಸುಮಾ, ಉಗರಿಗೂ ಗೀರು ಬೀಳತೈತಿ ನೋಡು" ಎಂದರು.

ಆಂಟಿ ಹತ್ತಿರ ಬಂದು ಕೊಳವೆಯ ಮೇಲೆ ಕೈಯಿಟ್ಟರು. "ಇದು ನನ್ನ ಮಾವ ಹಾಕಿಸಿದ್ದು. ಬಂದರದಲ್ಲಿ ಹಡಗು ರಿಪೇರಿಯ ಕೆಲಸ ಅವರಿಗೆ, ಅಲ್ಲಿಂದ ತಂದದ್ದು. ನಾನು ಮದುವೆಯಾಗಿ ಬಂದ ವರ್ಷ. ಸೊಸೆ ಬಾವಿಯಿಂದ ನೀರು ಸೇದಬಾರದು, ನಾಳೆ ಹೊಟ್ಟೆಯಲ್ಲಿ ಮಗು ಬಂದರೆ ಅವಳಿಗೆ ತ್ರಾಸ ಅಂದರು. ಈ ಇಡೀ ಕೇರಿಯಲ್ಲಿ ಅಡುಗೆಮನೆಯೊಳಗೆ ನಳ ಇದ್ದದ್ದು ನಮ್ಮಲ್ಲಿ ಮಾತ್ರ. ಹೆಂಗಸರು ನೋಡಲಿಕ್ಕೇ ಬರುತ್ತಿದ್ದರು."

ಅವರ ಮುಖದಲ್ಲಿ ಆ ಹಳೆಯ ಹೆಮ್ಮೆ ಒಂದು ಗಳಿಗೆ ಬಂದು ನಿಂತಿತು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. "ಬಾಯ್, ನಿನ್ನ ಮಗು ಹೋದದ್ದು ಇದರಿಂದ ಅಂತ ಡಾಕ್ಟರ್ ಹೇಳಿದರಾ?"

"ಇರಬಹುದು ಅಂದ್ರು ಆಂಟಿ. ಖಚಿತವಾಗಿ ಹೇಳೋದಕ್ಕೆ ಆಗೋದಿಲ್ಲವಂತೆ."

ಅವರು ಅಲ್ಲೇ ಇದ್ದ ಮಣೆಯ ಮೇಲೆ ಕೂತರು. ಕೈ ಮಾತ್ರ ಕೊಳವೆಯ ಮೇಲೆಯೇ ಇತ್ತು. "ನನಗೆ ಮೂರು" ಎಂದರು.

ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನನಗೆ ಅದು ಗೊತ್ತಿರಲಿಲ್ಲ. ಅವರಿಗೆ ಮಕ್ಕಳೇ ಆಗಲಿಲ್ಲವೆಂದು ತಿಳಿದಿದ್ದೆ. ಮೊದಲಿನ ಎರಡು ನಿಲ್ಲದೇ ಹೋದವಂತೆ. ಮೂರನೆಯದು ದಿನ ತುಂಬಿ ಹುಟ್ಟಿತ್ತು, ಉಸಿರಾಡಲಿಲ್ಲ. "ಗಂಡು. ಕೂದಲು ದಟ್ಟಗೆ ಇತ್ತು" ಎಂದರು. ಈರಣ್ಣ ಚಾಕು ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿಬಿಟ್ಟರು.

ಆ ವಾರ ಪಕ್ಕದ ಮನೆಯಿಂದ ಹೊಲಿಗೆ ಯಂತ್ರದ ಸದ್ದು ಬರಲಿಲ್ಲ. ಬಟ್ಟೆ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಿದ್ದರು. ನಾವು ಬಾವಿಯಿಂದ ಸೇದಿ ಅವರ ಬಾಗಿಲಿಗೂ ಒಂದು ಕೊಡ ನೀರು ಇಡುತ್ತಿದ್ದೆವು. ಒಳಗೆ ಒಯ್ದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರ ಇಡೀ ಬಾಳನ್ನು ನಾವು ಪಟ್ಟಿ ಬಿಚ್ಚಿದಂತೆ ಬಿಚ್ಚಿಬಿಟ್ಟೆವೇನೋ ಎಂದು ನನಗೆ ಸಂಕಟವಾಗುತ್ತಿತ್ತು. ಮನೆ ಬಿಡಿ ಎನ್ನಬಹುದು ಎಂದೂ ಹೆದರಿದ್ದೆ. ಕೊನೆಗೆ ಒಂದು ಬೆಳಿಗ್ಗೆ ಇಗರ್ಜಿಗೆ ಹೋಗುವ ಉಡುಪು ತೊಟ್ಟು ಬಾಗಿಲಿಗೆ ಬಂದರು. "ನಿನ್ನ ಡಾಕ್ಟರ ಹತ್ತಿರ ನನ್ನನ್ನೂ ಕರೆದುಕೊಂಡು ಹೋಗು."

ಡಾಕ್ಟರು ಅವರ ರಕ್ತ ತೆಗೆದರು. ಅವರ ಮೈಯಲ್ಲೂ ಸೀಸವಿದೆ ಎಂದು ಆಮೇಲೆ ತಿಳಿಯಿತು. ಆಂಟಿಗೆ ರೋಗದ ಬಗ್ಗೆ ಆಸಕ್ತಿಯೇ ಇರಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ನನ್ನ ಮೂವರೂ ಅದರಿಂದಲೇ ಹೋದರಾ?"

ಡಾಕ್ಟರು ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡರು. ಆಮೇಲೆ ಕೊಂಕಣಿಯಲ್ಲಿ, "ಗೊತ್ತಿಲ್ಲ ಆಂಟಿ. ಹೌದು ಅಂದರೂ ಸುಳ್ಳಾಗುತ್ತದೆ, ಇಲ್ಲ ಅಂದರೂ ಸುಳ್ಳಾಗುತ್ತದೆ" ಎಂದು ಅವರ ಕೈ ಹಿಡಿದುಕೊಂಡರು.

ಮರಳುವ ಬಸ್ಸಿನಲ್ಲಿ ಆಂಟಿ ಕಿಟಕಿಯ ಹೊರಗೆ ನೋಡುತ್ತ ಹೇಳಿದರು. "ನನ್ನ ಗರ್ಭಕ್ಕೆ ಹಿಡಿದುಕೊಳ್ಳುವ ಶಕ್ತಿ ಇಲ್ಲ ಅಂದಿದ್ದರು ನನ್ನ ಅತ್ತೆ. ಸಾಯುವ ತನಕ ಅದನ್ನೇ ನಂಬಿದ್ದರು, ನಾನೂ ನಂಬಿದ್ದೆ. ಆಂತೊನ್ ಮಾತ್ರ ಯಾವತ್ತೂ ಅನ್ನಲಿಲ್ಲ. ಈ ಸುದ್ದಿ ಅವನಿಗೆ ಹೇಳಬೇಕಿತ್ತು." ಆಂತೊನ್ ಅವರ ಗಂಡ. ಜುವಾರಿ ನದಿಯ ಸೇತುವೆ ದಾಟುವಾಗ ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಮರುವಾರವೇ ಕೆಲಸದವರನ್ನು ಕರೆಸಿ ಪೈಪು ಕೀಳಿಸಿದರು. ಗೋಡೆಯಲ್ಲಿ ಉದ್ದನೆಯ ಗಾಯದಂತೆ ಗೀರು ಉಳಿಯಿತು. ಹೊಸ ಪ್ಲಾಸ್ಟಿಕ್ ಪೈಪು ಹಾಕಿಸುವಾಗ ಅಂಗಡಿಯವನಿಗೆ, ಕುಡಿಯುವ ನೀರಿಗೆ ನಡೆಯುವಂಥದ್ದೇ ಬೇಕು ಎಂದು ತಿರುಗಿ ತಿರುಗಿ ಹೇಳಿ, ಈರಣ್ಣನನ್ನು ಜೊತೆಗೆ ಕಳಿಸಿದರು. ಕಿತ್ತ ಸೀಸವನ್ನು ಬಲೆಗೆ ಕಟ್ಟುವ ಗುಂಡು ಮಾಡಲು ಮೀನುಗಾರನೊಬ್ಬ ಕೇಳಿಕೊಂಡು ಬಂದ. "ಒಯ್ಯಿ, ಆದರೆ ಸಮುದ್ರಕ್ಕೂ ಹಾಕಬೇಡ" ಎಂದುಬಿಟ್ಟರು. ಅವನಿಗೆ ಆ ಮಾತು ತಿಳಿಯಲಿಲ್ಲ. ಬರಿಗೈಯಲ್ಲಿ ಹೋದ. ಆಮೇಲೆ ಡಾಕ್ಟರನ್ನು ಕೇಳಿ, ಅಂಥದ್ದನ್ನು ತೆಗೆದುಕೊಳ್ಳುವ ಕಡೆಗೆ ಕಳಿಸಿದೆವು.

ಈರಣ್ಣ ಅವರ ತಾಯಿಗೆ ಫೋನು ಮಾಡಿ, "ನಿನ್ನ ಔಷಧದಾಗ ಏನೂ ಇರಲಿಲ್ಲವ್ವ, ನೀರಿನ ಪೈಪಿನಾಗಿತ್ತು" ಎಂದರು. ಎರಡನೇ ದಿನ ಅತ್ತೆ ಬೆಳಗಿನ ಬಸ್ಸಿಗೆ ಬಂದಿಳಿದರು. ಕೈಯಲ್ಲಿ ಹೋಳಿಗೆಯ ಡಬ್ಬಿ, ಬಗಲಲ್ಲಿ ರೊಟ್ಟಿಯ ಗಂಟು. ಒಳಗೆ ಬಂದವರೇ ನನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿ ತಿಕ್ಕತೊಡಗಿದರು. "ಎಷ್ಟ ಸೊರಗಿದೆವ್ವ" ಎಂದದ್ದು ಬಹಳ ಹೊತ್ತಿನ ಮೇಲೆ.

ಔಷಧದ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೀಸವನ್ನು ಹಿಡಿದು ಹೊರಗೆಳೆಯುವ ಕ್ಯಾಪ್ಸೂಲು ಇಲ್ಲಿ ಸಿಗಲಿಲ್ಲ, ಮುಂಬಯಿಯಿಂದ ತರಿಸಬೇಕಾಯಿತು. ಡಬ್ಬಿ ತೆರೆದರೆ ಕೊಳೆತ ಮೊಟ್ಟೆಯ ನಾತ. ತತ್ತಿಯನ್ನೇ ಮನೆಯೊಳಗೆ ತಾರದ ಲಿಂಗಾಯತರ ಮನೆ ನಮ್ಮದು. ಅತ್ತೆ ಮೂಗಿಗೆ ಸೆರಗು ಹಿಡಿದು, ಇನ್ನೊಂದು ಕೈಯಿಂದ ನೀರಿನ ಲೋಟ ಕೊಡುತ್ತಿದ್ದರು. ನುಂಗಿದ ಮೇಲೆ ನನ್ನ ಬೆವರಿಗೂ ಅದೇ ವಾಸನೆ. "ಟೀಚರ್ ಹತ್ರ ಪಟಾಕ್ಷಿ ವಾಸನಿ ಬರತೈತಿ" ಎಂದು ಮಕ್ಕಳು ಪಿಸುಗುಟ್ಟುತ್ತಿದ್ದರು. ಕೆಲವು ದಿನ ಔಷಧ, ಕೆಲವು ದಿನ ಬಿಡುವು, ಮತ್ತೆ ರಕ್ತ, ಮತ್ತೆ ಔಷಧ. ಹೊಟ್ಟೆನೋವು ಬೇಗ ಹೋಯಿತು. ಕೈ ನಿಧಾನಕ್ಕೆ ಬಂತು. ಹಲಗೆಯ ಎಡತುದಿಯಿಂದ ಬಲತುದಿಯವರೆಗೆ ಸೀಮೆಸುಣ್ಣ ಬೀಳಿಸದೆ ಒಂದು ಇಡೀ ವಾಕ್ಯ ಬರೆದ ದಿನ, ಅದನ್ನು ಅಳಿಸಲು ಮನಸ್ಸಾಗದೆ ಸಂಜೆಯ ತನಕ ಹಾಗೇ ಬಿಟ್ಟಿದ್ದೆ.

ಕಾಯಿಲೆಯ ಕಷ್ಟದ ಭಾಗ ಶುರುವಾದದ್ದು ಅದು ವಾಸಿಯಾದ ಮೇಲೆ.

ರಕ್ತದಲ್ಲಿ ಇಳಿದರೂ ಎಲುಬಿನಲ್ಲಿ ಉಳಿದಿರುತ್ತದೆ ಎಂದು ಡಾಕ್ಟರು ಹೇಳಿದರು. ಬಸುರಿಯಾದಾಗ ಕೂಸಿನ ಎಲುಬಿಗೆಂದು ತಾಯಿಯ ಎಲುಬು ಕರಗುತ್ತದೆ, ಅದರ ಜೊತೆಗೆ ಸೀಸವೂ ಇಳಿದುಹೋಗುತ್ತದೆ. "ಅದಕ್ಕ ಸ್ವಲ್ಪ ಕಾಯಬೇಕು ಅಕ್ಕಾ."

"ಎಷ್ಟು ದಿನ್ರಿ?"

"ದಿನ ಅಲ್ಲ. ನೋಡಿಕೋತ ಹೋಗೂಣು."

ನನಗೆ ಮೂವತ್ತಾರು ನಡೆಯುತ್ತಿತ್ತು. ಕಾಯುವುದು ಬೇರೆಯವರಿಗೆ ಹೇಳುವಷ್ಟು ಸುಲಭವಾಗಿರಲಿಲ್ಲ. ಸಡಾದಿಂದ ಇಳಿಯುವ ಸಂಜೆಯ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಆ ಹೊತ್ತಿಗೆ ಕೆಲಸ ಮುಗಿಸಿದ ನಮ್ಮ ಕಡೆಯ ಹೆಣ್ಣುಮಕ್ಕಳು ಕೂಸು ಕಟ್ಟಿಕೊಂಡು ಹತ್ತುತ್ತಾರೆ. ನಿಲ್ಲಲು ಜಾಗವಿರುವುದಿಲ್ಲ. "ಅಕ್ಕಾರ, ಚೂರು ಹಿಡ್ಕೋರಿ" ಎಂದು ಕೂಸನ್ನು ಬಾಗಿಲ ಪಕ್ಕದವರ ಮಡಿಲಿಗೆ ಹಾಕಿ, ಕಂಬಿ ಹಿಡಿದು ನಿಲ್ಲುತ್ತಾರೆ. ಆ ಬೆಚ್ಚಗಿನ ಭಾರ ತೊಡೆಯ ಮೇಲೆ ಕೂತಾಗ ನಾನು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೆ. ಒಂದಕ್ಕೆ ಸೋರುವ ಮೂಗು, ಒಂದಕ್ಕೆ ಕಾಲಿಗೆ ಗೆಜ್ಜೆ, ಒಂದು ನನ್ನ ತಾಳಿಯ ದಾರವನ್ನು ಬಾಯಿಗೆ ಹಾಕಿಕೊಂಡಿತು. ವಾಸ್ಕೋ ಸ್ಟ್ಯಾಂಡು ಬಂದರೆ ತಾಯಿ ಕೈಚಾಚುತ್ತಿದ್ದಳು, ನಾನು ಕೊಡುತ್ತಿದ್ದೆ. ಅಲ್ಲಿಂದ ಚಿಖಲಿಯವರೆಗೆ ಸೀರೆಯ ಮೇಲೆ ಆ ಶಾಖ ಉಳಿದಿರುತ್ತಿತ್ತು. ಒಂದು ದಿನ ಈರಣ್ಣನಿಗೆ ಹೇಳಿದೆ. ಅವರು ನಗಬಹುದು ಎಂದುಕೊಂಡಿದ್ದೆ. "ನಾನೂ ಅಂಗಡ್ಯಾಗ ಗಿರಾಕಿ ಕೂಸಿಗೆ ಬೆಲ್ಲ ಕೊಡ್ತೇನಿ. ಕೈ ನೆಕ್ಕಲಿ ಅಂತ" ಎಂದರು.

ಈ ವರ್ಷದ ಮಳೆಗಾಲ ಮುಗಿಯುವಾಗ ಡಾಕ್ಟರು ವರದಿ ನೋಡಿ ನಕ್ಕರು. "ಇನ್ನ ಆಗಬಹುದು ಅಕ್ಕಾ" ಎಂದರು. ಆಗಬಹುದು. ಇನ್ನೂ ಆಗಿಲ್ಲ. ಪ್ರತಿ ತಿಂಗಳೂ ಕೆಲವು ದಿನ ಆಸೆಯಿಂದ ಇರುತ್ತೇನೆ, ಆಮೇಲೆ ಒಂದು ದಿನ ಬಚ್ಚಲಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇರುತ್ತೇನೆ. ಹೊರಗೆ ಬಂದಾಗ ಅತ್ತೆ ಇದ್ದರೆ ಚಹಾ ಇಡುತ್ತಾರೆ.

ನವೆಂಬರಿನ ಮೊದಲಲ್ಲಿ ಇಲ್ಲಿಯ ಕ್ರೈಸ್ತರು ಸತ್ತವರನ್ನು ನೆನೆಯುವ ದಿನ ಬರುತ್ತದೆ. ಆ ಬೆಳಿಗ್ಗೆ ಆಂಟಿ ಒಂದು ಬುಟ್ಟಿ ಸೇವಂತಿಗೆ ಹಿಡಿದು, "ಬಾಯ್, ಬರುತ್ತೀಯಾ?" ಎಂದರು. ಆಂತೊನ್‌ನ ಸಮಾಧಿಯನ್ನು ತೊಳೆದು ಹೂವಿಟ್ಟೆವು. ಅವರು ಬಗ್ಗಿ ಕಲ್ಲಿನ ಹತ್ತಿರ ಬಾಯಿ ತಂದು ಏನೋ ಹೇಳಿದರು. ಪೈಪು ಎಂಬ ಮಾತೊಂದು ನನಗೆ ಕೇಳಿಸಿತು. ಆಮೇಲೆ ಗೇಟಿನಿಂದ ಹೊರಗೆ ಬಂದು, ಮನೆಯ ಕಡೆ ತಿರುಗದೆ, ಸ್ಮಶಾನದ ಗೋಡೆಯಗುಂಟ ಹಿಂಭಾಗಕ್ಕೆ ನಡೆದರು. ಅಲ್ಲಿ ಹುಲ್ಲು, ಒಂದು ಗೇರುಮರ, ಸಣ್ಣ ದಿಬ್ಬದಂಥ ನೆಲ. ಹೆಸರಿಲ್ಲ, ಕಲ್ಲಿಲ್ಲ.

"ಹೆಸರಿಡುವ ಮೊದಲೇ ಹೋದ ಕೂಸುಗಳಿಗೆ ಆಗ ಒಳಗೆ ಜಾಗ ಇರಲಿಲ್ಲ. ಆಗಿನ ಕಟ್ಟಳೆ" ಎಂದರು. "ನನ್ನ ಗಂಡು ಇಲ್ಲಿದ್ದಾನೆ. ಮೊದಲಿನ ಎರಡಕ್ಕೂ ಇಲ್ಲೇ ಹೂವಿಡುತ್ತೇನೆ. ಇಷ್ಟು ವರ್ಷ ಇಲ್ಲಿಗೆ ಬಂದು, ನನ್ನ ಹೊಟ್ಟೆ ನಿಮ್ಮನ್ನು ಹಿಡಿದುಕೊಳ್ಳಲಿಲ್ಲ, ಕ್ಷಮಿಸಿ ಅಂತ ಕೇಳುತ್ತಿದ್ದೆ. ಈ ಸಲ ಕೇಳುವುದಿಲ್ಲ."

ಮೂರು ಕಡೆ ಹೂವಿಟ್ಟರು. ಬುಟ್ಟಿಯಲ್ಲಿ ಇನ್ನೂ ಒಂದು ಬೊಗಸೆಯಷ್ಟು ಉಳಿದಿತ್ತು. ಅದನ್ನು ಎತ್ತಿ ನನ್ನ ಕೈಗೆ ಹಾಕಿದರು. ನಾನು ಅರ್ಥವಾಗದೆ ನಿಂತೆ.

"ನಿನ್ನದು ಎಲ್ಲಿದೆಯೋ ಗೊತ್ತಿಲ್ಲ ಅಂದಿದ್ದೆಯಲ್ಲ ಒಮ್ಮೆ. ಇಲ್ಲೇ ಇಡು. ನನ್ನವರು ದೊಡ್ಡವರು, ನೋಡಿಕೊಳ್ಳುತ್ತಾರೆ."

ನಾನು ಗೇರುಮರದ ಬುಡದಲ್ಲಿ ಹುಲ್ಲು ಸರಿಸಿ, ಕೈಯಗಲದ ಜಾಗ ಮಾಡಿ ಹೂವಿಟ್ಟೆ.